ಬೆಕ್ಕಿಗೆ ತಕ್ಕ ಗುಂಡು

ಗಗನ್ ಯಾವುದನ್ನೂ ಸುಮ್ಮನೆ ಹೋಗಿ ಕೊಂಡುಬಂದವನಲ್ಲ. ಅನ್ನದ ಕುಕ್ಕರ್ ತರುವ ಮುಂಚೆ ತಿಂಗಳುಗಟ್ಟಲೆ ರಿವ್ಯೂ ಓದಿ, ಹೆಂಡತಿ ಸುಪ್ರಿಯಾ ಅಷ್ಟು ದಿನವೂ ಪಾತ್ರೆಯಲ್ಲೇ ಅನ್ನ ಬಸಿಯುವಂತೆ ಮಾಡಿದ ಮಹಾನುಭಾವ. ಕಾರು ಕೊಳ್ಳುವಾಗಲಂತೂ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕಡಲಾಚೆಯ ಕರ್ಕ್‌ಲ್ಯಾಂಡ್ ಎಂಬ ಊರಿನ ಆಫೀಸಿನಲ್ಲಿ ಅವನಿಗೆ ಸಂಬಳ ಸಿಗುತ್ತಿದ್ದುದೂ ಹೆಚ್ಚುಕಡಿಮೆ ಇದಕ್ಕೇ. ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ತೂಗಿ ಹೇಳುವುದು. ಅಂಥವನು ರೈಫಲ್ ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು. ೨೦೧೬ರ ಜೂನಿನಲ್ಲಿ ಶುರುವಾದ ಅಲ್ಲಿಯ ಬೇಸಿಗೆ ಪೂರ್ತಿ ಅವನ ತಲೆಯಲ್ಲಿ ಕಾಲಿಬರ್ ಒಂದೇ. ನಳಿಗೆ ಎಷ್ಟು ಅಗಲ, ಗುಂಡು ಎಷ್ಟು ದಪ್ಪ, ಇನ್ನೂರು ಗಜ ಹೋದ ಮೇಲೆ ಅದು ಎಷ್ಟು ಜೋರಾಗಿ ಬಡಿಯುತ್ತದೆ, ಇದೇ ಜಪ.

ಅವನು ಕೊಲ್ಲಬೇಕೆಂದಿದ್ದದ್ದು ಕೂಗರ್. ಆ ಸೀಮೆಯ ಬೆಟ್ಟಗಳಲ್ಲಿ ಓಡಾಡುವ ದೊಡ್ಡ ಬೆಕ್ಕು. ಮೈಮೇಲೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ, ಒಣಗಿದ ಹುಲ್ಲಿನ ಬಣ್ಣ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲದ್ದರಿಂದ ಗಗನ್‌ನ ತಾಯಿ ಜವರಮ್ಮ ಹುಲಿ ಎಂದೇ ಕರೆಯುತ್ತಿದ್ದಳು. ಅವಳ ಕಿರಿಯ ಮಗ ಸಂದೀಪನನ್ನು ಮೇ ತಿಂಗಳಲ್ಲಿ ಕೊಂದದ್ದು ಆ ಹುಲಿಯೇ.

ರೆಂಟನ್ ಕಡೆಯ ಬಂದೂಕಿನ ಅಂಗಡಿಯಲ್ಲಿ ಗಗನ್ ಮೊದಲು ಕೇಳಿದ್ದು ತ್ರೀ-ಸೆವೆಂಟಿಫೈವ್. ಗಲ್ಲಾದ ಹಿಂದಿದ್ದ ಗಡ್ಡದ ಆಸಾಮಿ, ಆಫ್ರಿಕಾಕ್ಕೆ ಹೊರಟಿದ್ದೀರಾ ಎಂದ. ಸಿಂಹ, ಕಾಡೆಮ್ಮೆಗಳಿಗೆ ಬಳಸುವ ಗುಂಡು ಅದು. ಇಲ್ಲ, ಕೂಗರ್‌ಗೆ ಎಂದ ಗಗನ್. ಪುಣ್ಯಕ್ಕೆ ಆಸಾಮಿ ನಗಲಿಲ್ಲ. ಈ ಬೆಕ್ಕಿನ ಚರ್ಮ ತೆಳು, ಮೂಳೆ ಸಣ್ಣ, ಬಲಿತ ಗಂಡೂ ನಿಮ್ಮಷ್ಟು ತೂಗಿದರೆ ಹೆಚ್ಚು ಎಂದು ಸಮಾಧಾನವಾಗಿ ಹೇಳಿದ. ಜಿಂಕೆಗೆ ಒಪ್ಪದ ಸಣ್ಣ ಟ್ವೆಂಟಿ-ಟೂ ಸೆಂಟರ್‌ಫೈರ್ ರೈಫಲನ್ನು ಕೂಡ ಕೂಗರ್‌ಗೆ ಸರ್ಕಾರವೇ ಒಪ್ಪುತ್ತದಂತೆ. ಟೂ-ಫಾರ್ಟಿತ್ರೀ ಇದ್ದರೆ ಬೇಕಾದಷ್ಟಾಯಿತು, ಅದಕ್ಕಿಂತ ದೊಡ್ಡದು ತಂದರೆ ಹೊಡೆದ ಮೇಲೆ ತೊಗಲು ಸಹ ಉಳಿಯುವುದಿಲ್ಲ ಎಂದ.

ಈ ಮಾತೆಲ್ಲ ಗಗನ್‌ಗೆ ಹೊಸದೇನಲ್ಲ, ಓದಿ ಓದಿ ಬಾಯಿಪಾಠವಾಗಿತ್ತು. ಆದರೂ ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ತಮ್ಮನನ್ನು ಕೊಂದದ್ದು ನರಿ ಹೊಡೆಯುವ ಗುಂಡಿಗೆ ಬಿದ್ದುಹೋಗುವ ಪ್ರಾಣಿ ಎಂದು ಯಾವ ಅಣ್ಣ ತಾನೇ ಒಪ್ಪುತ್ತಾನೆ. ಕೊನೆಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುವಂತೆ ತರ್ಟಿ-ಆಟ್-ಸಿಕ್ಸ್ ತೆಗೆದುಕೊಂಡ. ಕಡವೆಯನ್ನೂ ಕರಡಿಯನ್ನೂ ಉರುಳಿಸುವ ಗುಂಡು. ಬೆಕ್ಕಿಗೆ ಅದು ಜಾಸ್ತಿಯೇ ಎಂದು ಅವನಿಗೂ ಗೊತ್ತಿತ್ತು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಸಂದೀಪನನ್ನು ಕೊಂದ ಕೂಗರ್ ಬದುಕಿರಲಿಲ್ಲ. ವನ್ಯಜೀವಿ ಇಲಾಖೆಯವರು ನಾಯಿಗಳನ್ನು ಬಿಟ್ಟು ಅವತ್ತೇ ಸಂಜೆಯೊಳಗೆ ಅದನ್ನು ಮರ ಹತ್ತಿಸಿ ಕೊಂದುಹಾಕಿದ್ದರು. ಸುಪ್ರಿಯಾ ಇದನ್ನು ಒಂದೆರಡು ಸಲ ನೆನಪಿಸಿದಳು. ಅದೊಂದೇ ಅಲ್ಲವಲ್ಲ ಕಾಡಲ್ಲಿರುವುದು ಎಂದು ಗಗನ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವಳಿಗೆ ಅವನ ಸಂಕಟ ಏನೆಂದು ಗೊತ್ತಿತ್ತು, ಹಾಗಾಗಿ ರೈಫಲ್ಲಿನ ಮೇಲೆ ಕೋಪ ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

ಸಂದೀಪ ರೆಂಟನ್ನಿನ ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್. ಇನ್ನೂ ಮದುವೆಯಾಗಿರಲಿಲ್ಲ. ವಾರವೆಲ್ಲ ಅಲ್ಲೇ ಅಪಾರ್ಟ್‌ಮೆಂಟಿನಲ್ಲಿದ್ದು, ಶುಕ್ರವಾರ ಸಂಜೆಯಾದರೆ ಎಜುಕೇಶನ್ ಹಿಲ್ ಬಡಾವಣೆಯ ಅಣ್ಣನ ಮನೆಗೆ ಬಂದು ತಾಯಿಯ ಕೈಯ ಮುದ್ದೆ, ಉಪ್ಸಾರು ಹೊಡೆದು, ಅಣ್ಣನ ಮಗಳು ಮೈತ್ರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಕುಣಿಯುತ್ತಿದ್ದ. ಶನಿವಾರ ಬೆಳಿಗ್ಗೆ ಮೈಸೂರಿನ ಗೆಳೆಯ ಚೇತನ್ ಜೊತೆ ಬೆಟ್ಟ ಹತ್ತಲು ಹೊರಡುವುದು ವಾಡಿಕೆ. ಅವತ್ತೂ ಹಾಗೇ ಹೋದರು. ಸಂದೀಪ ಮುಂದೆ, ಚೇತನ್ ಒಂದು ತಿರುವು ಹಿಂದೆ. ಚೇತನ್ ತಿರುವು ದಾಟಿ ಬಂದಾಗ ದಾರಿಯ ನಡುವೆ ಕೂಗರ್ ನಿಂತಿತ್ತು. ಅದರ ಎದುರಿಗೆ ಸಂದೀಪ.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಚೇತನ್ ಗಗನ್‌ನ ತೋಳು ಹಿಡಿದು ಬಿಟ್ಟಿರಲಿಲ್ಲ. ಅವನ ಶರ್ಟಿನ ತುಂಬ ರಕ್ತ. ದೊಣ್ಣೆ ತೆಗೆದುಕೊಂಡು ಅದನ್ನು ಓಡಿಸಿದವನು ಅವನೇ, ಆದರೆ ಅಷ್ಟರಲ್ಲಿ ಮುಗಿದುಹೋಗಿತ್ತು.

"ಅವ್ನು ಓಡ್ಲಿಲ್ಲ ಗಗನ್," ಎಂದ. "ಮಂಡಿ ಊರಿ ಕೂತ್ಕೊಂಡ. ಕೈ ಮುಗ್ದ, ತಲೆ ಬಗ್ಗಿಸ್ದ. ಏಳೋ, ಎದ್ದೇಳೋ ಅಂತ ಕೂಗ್ತಾನೇ ಇದ್ದೆ ನಾನು. ಯಾಕೋ ಹಂಗ್ ಮಾಡ್ದ ಅವ್ನು?"

ಗೊತ್ತಿಲ್ಲ ಎಂದ ಗಗನ್. ಪೊಲೀಸರಿಗೆ ಚೇತನ್, ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದ್ದನೋ ಏನೋ ಎಂದು ಹೇಳಿದ. ಬೇರೆ ಏನು ಹೇಳಬೇಕೆಂದು ಅವನಿಗೂ ತೋಚಿರಲಿಲ್ಲ.

ಗಗನ್‌ಗೆ ಚೆನ್ನಾಗಿ ಗೊತ್ತಿತ್ತು. ಜವರಮ್ಮನ ತವರು ಗುಂಡ್ಲುಪೇಟೆಯಿಂದಾಚೆ, ಕಾಡಿನ ಅಂಚಿನ ಊರು. ಅಲ್ಲಿ ಹುಲಿ ಎಂದರೆ ಮಾದಪ್ಪ ಏರಿ ಬರುವ ವಾಹನ. ಎದುರಾದರೆ ಓಡಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಕೂಗಬಾರದು. ಮಂಡಿ ಊರಿ, ಕೈ ಮುಗಿದು, ತಲೆ ಬಗ್ಗಿಸಿ, ಮಾದಪ್ಪ ನಾನು ನಿನ್ನ ಮಗ ಎನ್ನಬೇಕು. ಅದು ತನ್ನ ಪಾಡಿಗೆ ತಾನು ಹೋಗುತ್ತದೆ. ಇದಕ್ಕೆ ಜವರಮ್ಮನೇ ಸಾಕ್ಷಿ. ಮದುವೆಗೆ ಮುಂಚೆ ಸೌದೆಗೆ ಹೋದಾಗ ಅವಳಿಗೆ ಹುಲಿ ಎದುರಾಗಿತ್ತು, ಅವಳು ಬಗ್ಗಿದಳು, ಅದು ಹೋಯಿತು. ಈ ಕಥೆಯನ್ನು ಅವಳು ಹೇಳಿದಾಗಲೆಲ್ಲ ಹುಲಿ ಒಂದೊಂದು ಗೇಣು ಉದ್ದವಾಗುತ್ತಿತ್ತು, ಮಕ್ಕಳಿಬ್ಬರೂ ಹಾಗೆಂದು ಅವಳನ್ನು ರೇಗಿಸುತ್ತಿದ್ದರು. ಆದರೆ ಕಥೆಯ ಕೊನೆ ಮಾತ್ರ ಯಾವತ್ತೂ ಬದಲಾದದ್ದಿಲ್ಲ.

ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದರೆ ಮಕ್ಕಳು ಅಂಗಳದಲ್ಲಿ ಇದನ್ನೇ ಆಡುತ್ತಿದ್ದರು. ದೊಡ್ಡವನಾದ್ದರಿಂದ ಗಗನ್ ಹುಲಿ. ಬೇಲಿಯ ಹಿಂದಿನಿಂದ ಗುರುಗುಟ್ಟುತ್ತ ಬಂದರೆ ಸಂದೀಪ ದಬಕ್ಕನೆ ಮಂಡಿ ಊರಿ ಪುಟ್ಟ ಕೈ ಮುಗಿಯುತ್ತಿದ್ದ. ಹುಲಿ ಅವನ ತಲೆ ಮೂಸಿ ನೋಡಿ ಹಿಂದಿರುಗಬೇಕು, ಅದೇ ಆಟ. ಗಗನ್ ಒಂದು ಸಲವೂ ತಪ್ಪದೆ ಹಿಂದಿರುಗುತ್ತಿದ್ದ. ಈಗ ಆಫೀಸಿನಲ್ಲಿ ಮೀಟಿಂಗಿನ ನಡುವೆ ಆ ಅಂಗಳ ನೆನಪಾದರೆ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕುಳಿತುಬಿಡುತ್ತಿದ್ದ.

ಆ ಬೆಟ್ಟದ ಬುಡದಲ್ಲಿ ಒಂದು ಬೋರ್ಡಿತ್ತು. ತಮ್ಮ ಹೋದ ಮೇಲೆ ಗಗನ್ ಒಬ್ಬನೇ ಹೋಗಿ ಅದರ ಮುಂದೆ ನಿಂತು ಬಂದಿದ್ದ. ಕೂಗರ್ ಎದುರಾದರೆ ಓಡಬೇಡಿ, ಬಗ್ಗಬೇಡಿ, ಅದರ ಮೇಲಿಂದ ಕಣ್ಣು ತೆಗೆಯಬೇಡಿ, ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ, ಜೋರಾಗಿ ಕೂಗಿ. ಓಡಬೇಡಿ ಎಂಬುದೊಂದನ್ನು ಬಿಟ್ಟರೆ ಜವರಮ್ಮ ಹೇಳಿಕೊಟ್ಟದ್ದಕ್ಕೆ ಎಲ್ಲವೂ ತಲೆಕೆಳಗು. ಸಂದೀಪನೂ ಆ ಬೋರ್ಡಿನ ಪಕ್ಕದಲ್ಲೇ ನೂರು ಸಲ ಹಾದುಹೋಗಿದ್ದವನು.

ಇದನ್ನು ತಾಯಿಗೆ ಹೇಗೆ ಹೇಳುವುದು. ಹುಲಿ ಹಿಡಿಯಿತು ಎಂದಷ್ಟೇ ಅವಳಿಗೆ ಗೊತ್ತು. ಮೊದಲ ವಾರ ಅವಳು ಎದೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಅಳು ನಿಂತು ಒಂದು ಮಾತು ಉಳಿಯಿತು. ಹೊರದೇಶಕ್ಕೆ ಬಂದು ಹುಡುಗ ಮರೆತುಬಿಟ್ಟ, ಒಂದೇ ಒಂದು ಸಲ ಕೈ ಮುಗಿದಿದ್ದರೆ ಸಾಕಿತ್ತು. ಇದನ್ನು ಅವಳು ಸುಪ್ರಿಯಾಗೆ ಹೇಳಿದಳು, ಊರಿಗೆ ಫೋನ್ ಮಾಡಿ ಅಣ್ಣತಮ್ಮಂದಿರಿಗೆ ಹೇಳಿದಳು, ಸೋಮವಾರ ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ, ನನ್ನ ಮಗನ ತಪ್ಪನ್ನು ಹೊಟ್ಟೆಗೆ ಹಾಕ್ಕೊ ಎಂದು ಅವನಿಗೂ ಹೇಳಿದಳು. ಪ್ರತಿ ಸಲವೂ ಗಗನ್ ಅಲ್ಲಿಂದ ಎದ್ದು ಹೋಗುತ್ತಿದ್ದ. ಸತ್ತವನ ಮೇಲೆ ಇಲ್ಲದ ತಪ್ಪು ಹೊರಿಸಿದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬಾಯಿ ಬಿಟ್ಟರೆ ತಪ್ಪು ಯಾರ ಮಡಿಲಿಗೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ಇಷ್ಟೇ ಆಗಿದ್ದರೆ ಅವನು ಜನ್ಮಪೂರ್ತಿ ಸುಮ್ಮನಿದ್ದುಬಿಡುತ್ತಿದ್ದನೇನೋ. ಅಕ್ಟೋಬರಿನಲ್ಲಿ ಅವರ ಬೀದಿಯ ಒಬ್ಬರ ಬಾಗಿಲಿನ ಕ್ಯಾಮೆರಾದಲ್ಲಿ ಕೂಗರ್ ಕಾಣಿಸಿಕೊಂಡಿತು. ಕಸದ ಡಬ್ಬಗಳ ಪಕ್ಕದಲ್ಲಿ ನಡೆದು, ಹಿಂದಿನ ಮರಗಳ ಸಾಲಿಗೆ ಇಳಿದುಹೋಯಿತು. ಗಗನ್‌ನ ಮನೆಯ ಹಿತ್ತಿಲೂ ಅದೇ ಮರಗಳಿಗೆ ತಗುಲಿಕೊಂಡಿತ್ತು. ಸುಪ್ರಿಯಾಳ ಫೋನಿನಲ್ಲಿ ಆ ವಿಡಿಯೋ ನೋಡಿದ ಜವರಮ್ಮ ಫೋನನ್ನು ಸೋಫಾದ ಮೇಲಿಟ್ಟು, ಕಷ್ಟಪಟ್ಟು ಮಂಡಿ ಊರಿ, ಫೋನಿಗೇ ಕೈ ಮುಗಿದಳು. ಮಾರನೆಯ ದಿನದಿಂದ ಮೈತ್ರಿಗೆ ಪಾಠ ಶುರುವಾಯಿತು.

ಮೈತ್ರಿಗೆ ಎಂಟು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಹಿತ್ತಿಲಲ್ಲಿ ಹುಲಿ ಬಂತು ಎಂದರೆ ಸಾಕು, ಹುಡುಗಿ ಒದ್ದೆ ಹುಲ್ಲಿನ ಮೇಲೆ ಮಂಡಿ ಊರಿ, ಕೈ ಮುಗಿದು, ಕಣ್ಣು ಮುಚ್ಚಿ, ಮಾದಪ್ಪಾ ಎನ್ನುತ್ತಿದ್ದಳು. ಅವಳ ಕನ್ನಡದಲ್ಲಿ ಅದೊಂದು ಶಬ್ದ ಮಾತ್ರ ಅಚ್ಚುಕಟ್ಟಾಗಿ ಬರುತ್ತಿತ್ತು. ಅಡಿಗೆಮನೆಯ ಕಿಟಕಿಯಿಂದ ಇದನ್ನು ನೋಡಿದ ಸುಪ್ರಿಯಾಳ ಕೈಯಿಂದ ಲೋಟ ಜಾರಿ ಸಿಂಕಿಗೆ ಬಿತ್ತು.

ಅವತ್ತು ಇಬ್ಬರೂ ಮಗಳನ್ನು ಕೂರಿಸಿಕೊಂಡು, ಸ್ಕೂಲಿನಲ್ಲಿ ಹೇಳಿಕೊಟ್ಟ ಹಾಗೆ ಮಾಡು, ನೆಟ್ಟಗೆ ನಿಂತು ಕೂಗು ಎಂದು ಹೇಳಿದರು. ಹುಡುಗಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. ಚಿಕ್ಕಪ್ಪ ಯಾವುದನ್ನು ಮಾಡಿದ, ಸ್ಕೂಲಿನವರು ಹೇಳಿದ್ದನ್ನೋ ಅಜ್ಜಿ ಹೇಳಿದ್ದನ್ನೋ. ಅಜ್ಜಿ ಹೇಳಿದ್ದನ್ನು ಮರೆತಿದ್ದಕ್ಕೇ ಅವನು ಸತ್ತದ್ದು ಎಂದು ಅಜ್ಜಿ ಹೇಳಿದ್ದಾಳಲ್ಲ. ಹೋಗಿ ಓದಿಕೋ ಎಂದುಬಿಟ್ಟ ಗಗನ್. ಪಕ್ಕದ ಕೋಣೆಯಲ್ಲಿ ತಾಯಿ ಇದ್ದಳು. ಮಗಳಿಗೆ ಹೇಳಿದರೆ ಅದು ಸಂಜೆಯೊಳಗೆ ಅಜ್ಜಿಯ ಕಿವಿಗೆ ಬೀಳುತ್ತಿತ್ತು.

"ಅತ್ತೆಗೆ ಹೇಳ್ಬಿಡು," ಎಂದಳು ಸುಪ್ರಿಯಾ, ಮೈತ್ರಿ ಎದ್ದು ಹೋದ ಮೇಲೆ. "ನಂಗೂ ಹೊಟ್ಟೆ ಉರಿಯುತ್ತೆ. ಆದ್ರೆ ನಂಗೆ ಇರೋದು ಒಬ್ಳೇ ಮಗಳು."

"ಬೇಟೆ ಸೀಸನ್ ಇದೆಯಲ್ಲ, ನಾನು ಹೊಡೀತೀನಿ ಅದನ್ನ."

"ಅದನ್ನ ಹೊಡೆದ್ರೆ ಇನ್ನೊಂದು ಬರುತ್ತೆ ಅಂತ ನೀನೇ ಹೇಳಿದ್ದು."

ಊರೊಳಗೆ ಗುಂಡು ಹಾರಿಸುವಂತಿಲ್ಲ, ಬೆಟ್ಟದ ಕಡೆ ಹೋಗಿ ಕೊಂದರೆ ಮನೆಯ ಹಿಂದಿನದಕ್ಕೆ ಏನೂ ಆಗುವುದಿಲ್ಲ, ಇದೆಲ್ಲ ಗಗನ್‌ಗೆ ತಿಳಿಯದ್ದಲ್ಲ. ಆದರೆ ಒಂದು ಕೂಗರ್ ತನ್ನ ಕೈಯಿಂದ ಸತ್ತು ಬಿದ್ದರೆ, ತಪ್ಪೆಲ್ಲ ಆ ಪ್ರಾಣಿಯದೇ ಎಂದು ತಾನಾದರೂ ನಂಬಬಹುದು, ಆಮೇಲೆ ಹೇಗೋ ಎಲ್ಲ ಸರಿಹೋಗುತ್ತದೆ ಎಂದು ಅವನ ಲೆಕ್ಕ. ತೂಗಿ ನೋಡುವುದರಲ್ಲಿ ಪಳಗಿದ ಮನುಷ್ಯ ಹೆದರಿದಾಗ ಇಂಥ ಲೆಕ್ಕ ಹಾಕುತ್ತಾನೆ.

ಬೇಟೆಯ ತರಗತಿ ಮುಗಿಸಿ ಲೈಸೆನ್ಸ್, ಒಂದು ಪ್ರಾಣಿ ಹೊಡೆಯಲು ಕೊಡುವ ಟ್ಯಾಗ್ ಎಲ್ಲ ಮೊದಲೇ ಮಾಡಿಸಿಕೊಂಡಿದ್ದ. ವಾರಾಂತ್ಯಗಳಲ್ಲಿ ಶೂಟಿಂಗ್ ರೇಂಜಿಗೆ ಹೋದ. ಅಲ್ಲಿಯ ತರಬೇತಿಯವನು ನಿಂತು, ಮಲಗಿ, ಮಂಡಿ ಊರಿ ಹೊಡೆಯುವುದನ್ನು ಕಲಿಸಿದ. ಬಲ ಮಂಡಿ ನೆಲಕ್ಕೆ, ಎಡ ಮೊಣಕಾಲ ಮೇಲೆ ಮೊಣಕೈ, ಆಗ ಗುರಿ ಅಲುಗುವುದಿಲ್ಲ. ತರ್ಟಿ-ಆಟ್-ಸಿಕ್ಸ್ ಅವನಂಥ ಹಗುರ ಮೈಯವನನ್ನು ಚೆನ್ನಾಗಿಯೇ ಒದೆಯಿತು. ಭುಜ ನೀಲಿಗಟ್ಟಿತು, ಅಂಗಿ ತೊಡುವಾಗ ಮುಖ ಹಿಂಡುವಂತಾಯಿತು. ಜಿಮ್ಮಿನಲ್ಲಿ ಪೆಟ್ಟು ಮಾಡಿಕೊಂಡೆ ಎಂದು ತಾಯಿಗೆ ಹೇಳಿದ.

ಜವರಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಅವನನ್ನು ನೆಲದ ಮೇಲೆ ಕೂರಿಸಿ ಭುಜಕ್ಕೆ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಅವಳ ಕೈ ನಿಂತಿತು.

"ಇದು ಕೋವಿ ಒದ್ದಿರ ಗುರ್ತು," ಎಂದಳು. "ನಮ್ಮಪ್ಪನ ಹೆಗಲಲ್ಲಿ ನೋಡಿನಿ. ಯಾವ್ದ ಹೊಡಿಯಕ್ಕ ಮಗ?"

ಅವಳು ಮತ್ತೆ ತಿಕ್ಕತೊಡಗಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ಅದ್ರ ಮ್ಯಾಲ ಹಗೆ ಬ್ಯಾಡ ಕನಪ್ಪ. ಅದ್ರುದೇನ್ ತಪ್ಪಿಲ್ಲ, ತಪ್ಪು ನಮ್ಮ ಹೈದಂದೇಯ. ನಾ ಅಷ್ಟು ಹೇಳ್ಕೊಟ್ಟಿದ್ದಿ, ಮರ್ತ್ಬುಟ್ಟ. ಕೈ ಮುಗ್ದಿದ್ರ ಬುಟ್ಬುಡ್ತಿತ್ತು."

ಆಗಲೇ ಹೇಳಿಬಿಡೋಣ ಎನ್ನಿಸಿತು. ತಾಯಿಯ ಬೆರಳುಗಳು ಭುಜದ ಮೇಲೆ ಮೆತ್ತಗೆ ಓಡಾಡುತ್ತಿದ್ದವು. ಇದೇ ಬೆರಳುಗಳು ಸಂದೀಪನ ಪುಟ್ಟ ಕೈಗಳನ್ನು ಹಿಡಿದು ಜೋಡಿಸಿ, ಹಿಂಗೆ ಮುಗಿಬೇಕು ಎಂದು ತೋರಿಸಿದ್ದು ಅವನಿಗೆ ನೆನಪಾಯಿತು. ಸಾಕು ಅವ್ವ ಎಂದು ಎದ್ದುಬಿಟ್ಟ.

ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟ. ಜೊತೆಗೆ ಬಾ ಎಂದು ಚೇತನ್‌ನನ್ನು ಕೇಳಿದ್ದ. ನಾನು ಇನ್ನು ಆ ಪ್ರಾಣಿಯ ಮುಖ ನೋಡಲಾರೆ ಎಂದು ಚೇತನ್ ಬರಲಿಲ್ಲ. ಬೆಟ್ಟದ ಮೇಲೆ ಮರ ಸಾಗಿಸುವ ಹಳೆಯ ಮಣ್ಣು ದಾರಿ, ಅದರ ಮೇಲೆ ಹಿಂದಿನ ದಿನದ ಹಿಮ. ಒಂದು ಕಡೆ ಕಡಿದ ಬಯಲು, ಇನ್ನೊಂದು ಕಡೆ ಕಪ್ಪಗೆ ಒತ್ತಾಗಿ ನಿಂತ ಮರಗಳು. ಗಗನ್ ಒಂದು ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತು, ಬಾಯಲ್ಲಿ ಊದುವ ಪೀಪಿಯಿಂದ ಗಾಯಗೊಂಡ ಜಿಂಕೆಮರಿಯ ಹಾಗೆ ಕೂಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿಸಿದ. ಆ ಸದ್ದು ಅವನಿಗೇ ಸಹಿಸಲಾಗಲಿಲ್ಲ. ಕಾಲು ಮರಗಟ್ಟಿ, ಇನ್ನು ಸಾಕು ಎಂದು ಎದ್ದು ದಾರಿಗೆ ಇಳಿದ.

ಆಗ ಅದು ಅಲ್ಲಿತ್ತು. ಯಾವಾಗ ಬಂತೋ, ಎಲ್ಲಿಂದ ಬಂತೋ. ದಾರಿಯ ನಡುವೆ ನಿಂತು ಅವನನ್ನೇ ನೋಡುತ್ತಿತ್ತು. ಬಾಲದ ತುದಿ ಮಾತ್ರ ಅಲುಗುತ್ತಿತ್ತು. ಹೊಡೆಯಲು ಅದಕ್ಕಿಂತ ಒಳ್ಳೆಯ ದೂರ ಸಿಗುವುದಿಲ್ಲ. ಗಗನ್ ಕಲಿತ ಹಾಗೆಯೇ ಬಲ ಮಂಡಿಯನ್ನು ಹಿಮಕ್ಕೆ ಊರಿದ. ಅದು ಅವನಿಗೆ ಸ್ಪಷ್ಟವಾಗಿ ನೆನಪಿದೆ. ಮುಂದಿನದು ನೆನಪಿಲ್ಲ. ಎಡ ಮಂಡಿಯೂ ಯಾವಾಗ ನೆಲ ಮುಟ್ಟಿತೋ, ರೈಫಲ್ ಯಾವಾಗ ಹಿಮದ ಮೇಲೆ ಮಲಗಿತೋ, ಅವನು ಕಣ್ಣು ಬಿಟ್ಟಾಗ ಎದೆಯ ಮುಂದೆ ತನ್ನವೇ ಎರಡು ಕೈಗಳು ಗ್ಲೌಸ್ ಸಮೇತ ಜೋಡಿಸಿಕೊಂಡಿದ್ದವು. ತಲೆ ಬಗ್ಗಿತ್ತು. ಮಾದಪ್ಪ ಎಂದು ಯಾರೋ ಅಂದದ್ದು ಕೇಳಿಸಿತು, ಅದು ಅವನ ಬಾಯಿಯೇ.

ತಲೆ ಎತ್ತಿದರೆ ಕೂಗರ್ ಮೊದಲು ನಿಂತ ಜಾಗದಲ್ಲಿರಲಿಲ್ಲ. ಅರ್ಧ ದಾರಿ ಹತ್ತಿರ ಬಂದಿತ್ತು. ಹೊಟ್ಟೆ ನೆಲಕ್ಕೆ ತಾಗಿಸಿ, ಕಿವಿ ಹಿಂದಕ್ಕೆ ಮಲಗಿಸಿತ್ತು. ಅವನ ಹೊಟ್ಟೆಯೊಳಗಿಂದ ಒಂದು ಕೂಗು ಹೊರಟಿತು. ಎದ್ದು ನಿಂತು, ಎರಡೂ ಕೈ ಎತ್ತಿ, ಹುಚ್ಚನ ಹಾಗೆ ಕಿರುಚಿದ. ಅದು ಒಂದು ಕ್ಷಣ ಅವನನ್ನು ನೋಡಿ, ಪಕ್ಕಕ್ಕೆ ನೆಗೆದು ಮರಗಳೊಳಗೆ ಹೋಯಿತು. ಓಡುವಾಗ ನೋಡಿದರೆ ಎಷ್ಟು ಸಣ್ಣದು. ಟೂ-ಫಾರ್ಟಿತ್ರೀಯೇ ಸಾಕಿತ್ತು.

ಗಗನ್ ಹಿಮದ ಮೇಲೆ ಕುಳಿತು ಅತ್ತ. ತಮ್ಮ ಸತ್ತ ಮೇಲೆ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಸಂದೀಪ ಯೋಚಿಸಿರಲೇ ಇಲ್ಲ, ಯೋಚಿಸಲು ಅವನಿಗೆ ಪುರುಸೊತ್ತೇ ಇರಲಿಲ್ಲ. ಬೋರ್ಡು ಓದಿದ್ದ ಕಣ್ಣು, ಎಂಜಿನಿಯರಿಂಗ್ ಓದಿದ್ದ ತಲೆ ಎರಡಕ್ಕೂ ಮುಂಚೆ ಮಂಡಿ ಬಗ್ಗಿತ್ತು. ಇನ್ನು ಕೆಲವು ದಿನ ಹೋದರೆ ಮೈತ್ರಿಯ ಮಂಡಿಯೂ ಹಾಗೆ ತಾನಾಗಿಯೇ ಬಗ್ಗುತ್ತದೆ. ಅವನು ರೈಫಲ್ಲಿನ ಗುಂಡು ತೆಗೆದು ಕಾರಿನತ್ತ ನಡೆದ.

ಮಧ್ಯಾಹ್ನ ಮನೆಗೆ ಬಂದಾಗ ಜವರಮ್ಮ ಅಡಿಗೆಮನೆಯ ಮೇಜಿನ ಹತ್ತಿರ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಸುಪ್ರಿಯಾ ಗಂಡನ ಮುಖ ನೋಡಿ, ಮೈತ್ರಿಯನ್ನು ಕರೆದುಕೊಂಡು ಮೇಲೆ ಹೋದಳು. ಗಗನ್ ತಾಯಿಯ ಎದುರಿಗೆ ಕುಳಿತ. ಶೂಗಳಿಂದ ಹಿಮ ಕರಗಿ ನೆಲದ ಮೇಲೆ ಹರಿಯುತ್ತಿತ್ತು.

"ಹೊಡ್ದ್ಯಾ?" ಎಂದಳು.

"ಇಲ್ಲ."

"ಒಳ್ಳೇದಾಯ್ತು ಬುಡು."

"ಅವ್ವ, ಸಂದೀಪ ಮರ್ತಿರ್ನಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಗಗನ್ ಹೇಳಿದ. ತಿರುವು ದಾಟಿದಾಗ ಚೇತನ್ ಕಂಡದ್ದನ್ನು, ಏಳೋ ಎದ್ದೇಳೋ ಎಂದು ಕೂಗಿದ್ದನ್ನು, ಬೆಟ್ಟದ ಬುಡದ ಬೋರ್ಡನ್ನು, ಈ ಬೆಳಿಗ್ಗೆ ಹಿಮದ ಮೇಲೆ ತನಗಾದದ್ದನ್ನು, ಎಲ್ಲವನ್ನೂ ಹೇಳಿದ. ಇಲ್ಲಿಯ ಬೆಕ್ಕಿಗೆ ಬಗ್ಗಿದವರೆಲ್ಲ ಮೇಯುವ ಜಿಂಕೆಯ ಹಾಗೆ ಕಾಣುತ್ತಾರೆ ಎಂದು ಹೇಳಿದ. ಹೇಳುವಾಗ ಒಂದು ಸಲವೂ ತಾಯಿಯ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿಚ್ಚಿ ಹಾಗೆಯೇ ಉಳಿದಿತ್ತು.

"ಕೈ ಮುಗ್ದಿದ್ನ?" ಎಂದಳು.

"ಹ್ಞೂಂ."

"ತಲ ಬಗ್ಸಿದ್ನ?"

"ಹ್ಞೂಂ ಅವ್ವ."

"ನಾ ಹೇಳ್ದಂಗೇ ಮಾಡವ್ನ, ಹಂಗಾರ."

ಅಷ್ಟೇ ಅವಳು ಅಂದದ್ದು. ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಬೇರೆ ಮಾಡಿ, ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ಮಾತು ಮರೆತ ಎನ್ನುವ ನೋವಿನಲ್ಲಿ ಅವಳು ಏಳು ತಿಂಗಳು ಬದುಕಿದ್ದಳು. ಮಗ ಮಾತು ಉಳಿಸಿಕೊಂಡ ಎನ್ನುವ ನೋವನ್ನು ಗಗನ್ ಈಗ ಅವಳ ಕೈಗೆ ಕೊಟ್ಟಿದ್ದ. ಸಂಜೆ ಸುಪ್ರಿಯಾ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಮಾರನೆಯ ದಿನವೂ ಹಾಗೇ. ಕಾಫಿ ಕುಡಿದಳು, ಮೈತ್ರಿಯ ತಲೆ ಬಾಚಿದಳು, ಯಾರೊಡನೆಯೂ ಮಾತಾಡಲಿಲ್ಲ. ಸೋಮವಾರ ಬಂತು. ಮಾದಪ್ಪನ ಪಟದ ಮುಂದೆ ದೀಪ ಹಚ್ಚಲಿಲ್ಲ.

ಆ ಸೋಮವಾರ ಬೆಳಿಗ್ಗೆ ಗಗನ್ ಆಫೀಸಿಗೆ ಹೊರಡುವ ಹೊತ್ತಿನಲ್ಲಿ ಹಿತ್ತಿಲಿನಿಂದ ಒಂದು ಕೂಗು ಕೇಳಿ ಬೆಚ್ಚಿಬಿದ್ದ. ಓಡಿಹೋಗಿ ಗಾಜಿನ ಬಾಗಿಲ ಬಳಿ ನಿಂತ. ಜಿನುಗು ಮಳೆಯಲ್ಲಿ ಜವರಮ್ಮ ಸೀರೆಯ ಮೇಲೆ ಸಂದೀಪನ ಹಳೆಯ ಜಾಕೆಟ್ ತೊಟ್ಟು ನಿಂತಿದ್ದಳು. ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡ ಮೈತ್ರಿ.

"ನೆಟ್ಗ ನಿಂತ್ಕ," ಎನ್ನುತ್ತಿದ್ದಳು ಅಜ್ಜಿ. "ಕೈ ಮ್ಯಾಕೆತ್ತು. ಕಣ್ ಬುಟ್ಟು ನೋಡು ಅದ. ತಲ ಬಗ್ಸಬ್ಯಾಡ ಕೂಸು, ಯಾರ್ ಹೇಳುದ್ರೂ ಬಗ್ಸಬ್ಯಾಡ. ಈಗ ಕೂಗು."

ಮೈತ್ರಿ ಕೂಗಿದಳು. ಅಷ್ಟು ಸಾಲದು ಎಂದು ಅಜ್ಜಿ ತಾನೇ ಎರಡೂ ತೋಳೆತ್ತಿ ಕೂಗಿ ತೋರಿಸಿದಳು. ಹೋ, ಹೋ, ಹೋ ಎಂದು. ಅವಳ ತವರಿನಲ್ಲಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಅಟ್ಟಣೆಯ ಮೇಲಿಂದ ಕೂಗುವ ಕೂಗು ಅದು. ಹುಲಿಯ ಮುಂದೆ ಯಾರೂ ಹಾಗೆ ಕೂಗಿದ್ದಿಲ್ಲ. ಪಕ್ಕದ ಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು. ಮೈತ್ರಿ ಎರಡು ಸಲ ಜೊತೆಗೆ ಕೂಗಿ, ಬಸ್ಸಿಗೆ ಹೊತ್ತಾಯಿತೆಂದು ಒಳಗೆ ಓಡಿ ಬಂದು, ಅಪ್ಪನ ಪಕ್ಕದಲ್ಲೇ ಹಾದು ಹೋದಳು.

ಜವರಮ್ಮ ಒಳಗೆ ಬರಲಿಲ್ಲ. ಎತ್ತಿದ ತೋಳು ಇಳಿಸದೆ, ಹಿತ್ತಿಲಿನಾಚೆಯ ಮರಗಳಿಗೆ ಮುಖಮಾಡಿಕೊಂಡು ಕೂಗುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕೂಗು ಬದಲಾಯಿತು. ಗಗನ್ ಬಾಗಿಲು ಸರಿಸಿದಾಗ ಅದು ಸ್ಪಷ್ಟವಾಗಿ ಕೇಳಿಸಿತು.

"ಏಳ್ಲಾ ಸಂದೀಪ," ಎಂದು ಅವಳು ಕೂಗುತ್ತಿದ್ದಳು. "ಎದ್ದೇಳ್ಲಾ ಮಗ. ನಾ ಹೇಳ್ತಾವ್ನಿ, ಎದ್ದೇಳು."

ಗಗನ್ ಬರಿಗಾಲಲ್ಲಿ ಹುಲ್ಲಿಗೆ ಇಳಿದು ಹೋಗಿ ತಾಯಿಯ ಪಕ್ಕದಲ್ಲಿ ನಿಂತ.